ಒಳಗಿನ ಘಡಿ, ಹೊರಗಿನ ಘಡಿ

ಮಗ್ಗದ ಶೆಡ್ಡಿನಲ್ಲಿ ದುಡಿಯುವವರಿಗೆ ದೇವರು ಕೊಟ್ಟ ಸವಲತ್ತು ಒಂದೇ: ಬೈಗುಳ ಕೇಳಿಸುವುದಿಲ್ಲ. ಇಪ್ಪತ್ನಾಲ್ಕು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಮಾಲಕ ಬಾಯಿ ತೆರೆಯುವುದು, ಮುಚ್ಚುವುದು ಅಷ್ಟೇ ಕಾಣುತ್ತದೆ. ಬೈಯುತ್ತಿದ್ದಾನೋ ಆಕಳಿಸುತ್ತಿದ್ದಾನೋ ಆ ದೇವರಿಗೇ ಗೊತ್ತು. ಗಡಿಯಾಚೆ, ಇಚಲಕರಂಜಿಯೆಂಬ ಮಗ್ಗದ ಊರಿಗೆ ಅಂಟಿಕೊಂಡಿರುವ ಕಬನೂರಿನಲ್ಲಿ, ಸುಕುಮಾರ ಮಾಲಕರ ಶೆಡ್ಡಿನಲ್ಲಿ, ಧನರಾಜ ಐದು ವರ್ಷ ಈ ಸವಲತ್ತಿನ ಮೇಲೆಯೇ ಮರ್ಯಾದೆ ಉಳಿಸಿಕೊಂಡು ಬಂದಿದ್ದ. ಆದರೆ ಆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಮಾಲಕರು ಅವನ ಮುಂದೆ ನಿಂತು ಬಾಯಿ ತೆರೆದರು, ಅದೇ ಗಳಿಗೆಗೆ ಸರಿಯಾಗಿ ಕರೆಂಟು ಹೋಯಿತು. ಇಪ್ಪತ್ನಾಲ್ಕೂ ಮಗ್ಗ ಒಮ್ಮೆಲೇ ಬಾಯಿ ಮುಚ್ಚಿದವು. ಮಾಲಕರ ಬಾಯಿ ಮಾತ್ರ ಮುಚ್ಚಲಿಲ್ಲ.

“…ಒಂಬತ್ತನೇತ್ತಾ ನಾಪಾಸ ಆದ ಮಂಗ್ಯಾ! ನಿನ್ನ ಕೈಯಾಗ ಆ ಡಬ್ಬಿ ಕೊಡೂದೂ ಒಂದ, ಕ್ವಾಣಕ್ಕ ಕನ್ನಡಕಾ ಹಾಕೂದೂ ಒಂದ!”

ಕೊನೆಯ ಮೂಲೆಯ ನೇಕಾರನಿಂದ ಹಿಡಿದು, ನೇಯ್ದ ಬಟ್ಟೆಯನ್ನು ಮಡಚಿ ಅಟ್ಟಿ ಹಾಕುವ ಎಂಟು ಮಂದಿ ಹೆಂಗಸರ ತನಕ ಎಲ್ಲರಿಗೂ ಅದು ಅಕ್ಷರ ಅಕ್ಷರ ಕೇಳಿಸಿತು. ಯಾರೋ ಕಿಸಕ್ಕೆಂದರು. ಧನರಾಜನ ಕಿವಿ ಕಾದ ಕಬ್ಬಿಣವಾದವು.

“ನಾಪಾಸ ಅಲ್ಲರಿ,” ಅಂದ ಅವನು. “ಸಾಳಿ ಬಿಟ್ಟಂವಾ ಅದೀನಿ.”

ನಾಪಾಸಾದವನಿಗೂ ಶಾಲೆ ಬಿಟ್ಟವನಿಗೂ ಇರುವ ಈ ವ್ಯತ್ಯಾಸ ಅವನ ಪಾಲಿಗೆ ಸಣ್ಣದಲ್ಲ. ಒಂಬತ್ತನೆಯ ತರಗತಿಯ ಪರೀಕ್ಷೆಯ ದಿನ ಅಪ್ಪನಿಗೆ ಜ್ವರ ಬಂದು, ಅಪ್ಪನ ಪಾಳಿಗೆ ಇವನು ನಿಂತಿದ್ದ. ಆ ಪಾಳಿ ಇನ್ನೂ ಮುಗಿದಿಲ್ಲ. ಪರೀಕ್ಷೆಗೆ ಕೂತವನು ನಾಪಾಸಾಗಬಹುದು. ಕೂರದೇ ಇದ್ದವನು ನಾಪಾಸಾಗುವುದು ಹೇಗೆ? ಈ ಒಂದು ಪ್ರಶ್ನೆಗೆ ಜಗತ್ತು ಇವತ್ತಿಗೂ ಅವನಿಗೆ ಉತ್ತರ ಕೊಟ್ಟಿಲ್ಲ.

ಜಗಳದ ಮೂಲ ಒಂದು ಡಬ್ಬಿ. ಸರಿಯಾಗಿ ಹೇಳಬೇಕೆಂದರೆ ಎರಡು. ಹೋದ ತಿಂಗಳು ಮಾಲಕರು ಸೂರತ್ತಿನಿಂದ ಯಾರೋ ಬಳಸಿ ಬಿಟ್ಟ ಮಗ್ಗಗಳನ್ನು ತರಿಸಿದಾಗ ಜೊತೆಗೆ ಈ ಎರಡು ಡಬ್ಬಿಗಳೂ ಬಂದಿದ್ದವು. ಒಂದು ಶೆಡ್ಡಿನ ಗೋಡೆಯ ಮೇಲೆ, ಇನ್ನೊಂದು ಇನ್ನೂರು ಅಡಿ ಆಚೆ ಮಾಲಕರ ಆಫೀಸಿನಲ್ಲಿ, ನಡುವೆ ವೈರು. ಪ್ರತಿ ಮಗ್ಗವೂ ತಾನು ನಡೆದಿದ್ದೇನೆ, ನಿಂತಿದ್ದೇನೆ, ಇಷ್ಟು ಹೊತ್ತಿನಿಂದ ನಿಂತಿದ್ದೇನೆ, ನನ್ನನ್ನು ನಡೆಸುವವನು ಇಂಥವನು ಅಂತ ಶೆಡ್ಡಿನ ಡಬ್ಬಿಗೆ ಹೇಳಬೇಕು. ಅದು ಆಫೀಸಿನ ಡಬ್ಬಿಗೆ ಹೇಳಬೇಕು. ಅದು ಟೀವಿಯ ಮೇಲೆ ಬರೆಯಬೇಕು. ಮಾಲಕರು ಫ್ಯಾನಿನ ಕೆಳಗೆ ಕಾಲು ಚಾಚಿ ನೋಡಬೇಕು. ಏರ್ಪಾಟು ಇಷ್ಟೇ. ಆದರೆ ಆರು ದಿನದಿಂದ ಟೀವಿಯ ಮೇಲೆ ಕಾಣಿಸಿದ್ದು ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಗಿಜಿಗುಡುವ ಅಕ್ಷರ ಮಾತ್ರ.

ಡಬ್ಬಿ ಜೋಡಿಸಿದವನು ಕುಣಾಲ. ಮಾಲಕರ ಅಕ್ಕನ ಮಗ, ಕೊಲ್ಹಾಪುರದಲ್ಲಿ ಡಿಪ್ಲೊಮಾ ಓದಿದವನು, ಇಸ್ತ್ರಿ ಮುರಿಯದ ಶರ್ಟಿನವನು. ತನ್ನ ಜೋಡಣೆ ತಪ್ಪಿರಲು ಸಾಧ್ಯವೇ ಇಲ್ಲವಾದ್ದರಿಂದ ಯಾರೋ ವೈರು ಕತ್ತರಿಸಿರಬೇಕು ಎಂದು ಅವನು ತೀರ್ಮಾನಿಸಿದ್ದ. ಭಾನುವಾರ ಧನರಾಜ ಡಬ್ಬಿಯ ಮುಚ್ಚಳದೊಳಗೆ ಇಣುಕುತ್ತಿದ್ದುದನ್ನು ಕಂಡವರಿದ್ದರು. ಇನ್ನೇನು ಬೇಕು?

“ವೈರ್ ಗಟ್ಟಿ ಐತ್ರಿ,” ಅಂದ ಧನರಾಜ, ಹಲ್ಲು ಕಚ್ಚಿಕೊಂಡು. “ಟೈಮಿಂಗ್ ತಪ್ಪೇತಿ. ಎರಡೂ ಡಬ್ಬಿ ತಂತಮ್ಮ ತಾಳದ ಮ್ಯಾಲೆ ಕುಣ್ಯಾಕತ್ತಾವು. ಒಂದ ತಾಳಾ ಹಾಕಬೇಕು, ಇನ್ನೊಂದ ಆ ತಾಳಕ್ಕ ಹೆಜ್ಜಿ ಹಾಕಬೇಕು. ಎರಡೂ ನಂದ ಖರೇ ಅಂತ ನಿಂತ್ರ ಕೇಳಾವ್ರ ಯಾರು?”

“ನಮ್ಮ ಮನ್ಯಾಗ ನಾನೂ ನಮ್ಮ ನೆಗೆಣ್ಣಿನೂ ಇದ್ದಂಗ ಆತ ಬಿಡ,” ಅಂದಳು ಬಟ್ಟೆ ಮಡಚುವ ಹೆಂಗಸರ ಹಿರಿಯಳು ರಾಯವ್ವ. ಇಡೀ ಶೆಡ್ಡು ನಕ್ಕಿತು. ಕುಣಾಲ ನಗಲಿಲ್ಲ.

“ಮಾಮಾ, ಇಂವಾ ನನಗ ಟೈಮಿಂಗ್ ಕಲಸ್ತಾನ? ಎರಡೂ ಕಡೆ ಸೆಟ್ಟಿಂಗ್ ಸೇಮ್ ಇರಬೇಕು. ಸಣ್ಣ ಹುಡುಗ್ರಿಗೂ ಗೊತ್ತಿರತೈತಿ.”

“ಸೇಮ್ ಇರೂದ ರೋಗರಿ ಅದು!”

ಮಾಲಕರು ಕೈ ಎತ್ತಿದರು. ಅವರಿಗೆ ಟೈಮಿಂಗೂ ಬೇಕಿರಲಿಲ್ಲ, ತಾಳವೂ ಬೇಕಿರಲಿಲ್ಲ. “ಕೇಳ ಇಲ್ಲೆ. ಇವತ್ತ ನಾಕಕ್ಕ ಗಡಹಿಂಗ್ಲಜದ ಬಾಪೂಸಾಹೇಬರು ಬರಾಕತ್ತಾರ. ವರ್ಷದ ಸಾಳಿ ಯುನಿಫಾರ್ಮಿನ ಅರಿವಿ ಯಾರಿಗೆ ಕೊಡಬೇಕಂತ ನೋಡಾಕ. ಅವರ ಕಣ್ಣಿಗೆ ಟೀವಿಯಾಗ ನನ್ನ ಮಾಗ ಕಾಣಬೇಕು. ಕಂಡೂ ಅಂದ್ರ ನಾಳಿಂದ ನೀ ಈ ಶೆಡ್ಡಿನ ಫಿಟರ್. ಕಾಣಲಿಲ್ಲ, ನಾಳಿಂದ ಗೇಟಿನ ಒಳಗ ಕಾಲಿಡಬ್ಯಾಡ. ಎಲ್ಲಾರೂ ಕೇಳ್ರೆಪಾ, ಆಮ್ಯಾಲೆ ಮಾಲಕ ಹೇಳಿದ್ದಿಲ್ಲ ಅನಬ್ಯಾಡ್ರಿ.”

ಫಿಟರ್! ನೇಕಾರ ಹನ್ನೆರಡು ತಾಸು ನಿಲ್ಲುತ್ತಾನೆ. ಫಿಟರನಿಗೆ ಸ್ಟೂಲು ಇರುತ್ತದೆ. ನೇಕಾರನನ್ನು ‘ಏ’ ಅಂತ ಕರೆಯುತ್ತಾರೆ. ಫಿಟರನನ್ನು ‘ಬಾರೋ ಮಿಸ್ತ್ರಿ’ ಅನ್ನುತ್ತಾರೆ. ಮೂರು ವರ್ಷದಿಂದ ಆ ಶೆಡ್ಡಿನಲ್ಲಿ ಹಾಳಾದ ಪ್ರತಿಯೊಂದು ಮೋಟರನ್ನೂ ಸದ್ದಿಲ್ಲದೆ ಇವನೇ ರಿಪೇರಿ ಮಾಡಿದ್ದ, ಹೆಸರು ಮಾತ್ರ ಬೇರೆಯವರದಾಗಿತ್ತು.

“ಆತ್ರಿ. ನನ್ನ ನಾಕ ಮಾಗ ಯಾರ ನೋಡ್ತಾರ್ರಿ?” ಅಂದ ಧನರಾಜ, ತನ್ನ ಪಾಲಿನ ನಾಲ್ಕು ಮಗ್ಗಗಳತ್ತ ಕೈ ತೋರಿಸಿ.

“ನಿನ್ನ ಮಾಗ ಹಾಳ ಬಾವಿಗಿ ಬೀಳ್ಲಿ! ಮೊದಲ ಡಬ್ಬಿ!”

ಹತ್ತು ನಿಮಿಷಕ್ಕೆ ಕರೆಂಟು ಬಂತು, ಶೆಡ್ಡು ಮತ್ತೆ ಕಿವುಡಾಯಿತು. ಧನರಾಜ ಡಬ್ಬಿಯ ಮುಚ್ಚಳ ಬಿಚ್ಚಿದ.

ಒಳಗೆ ಸ್ವಿಚ್ಚಿನ ಹಾಗೆ ಮೇಲೆ ಕೆಳಗೆ ಸರಿಯುವ ಎಂಟು ಗುಂಡಿ. ಗುಂಡಿ ಅಂದರೆ ಅಕ್ಕಿ ಕಾಳು. ನೇಕಾರನ ಬೆರಳಿಗೆ ಒಂದು ಒತ್ತಿದರೆ ಮೂರು ಸರಿಯುತ್ತಿದ್ದವು. ನೂಲನ್ನು ಮಗ್ಗದ ಫಣಿಯ ಹಲ್ಲುಗಳೊಳಗಿಂದ ಎಳೆಯುವ ಹುಕ್ಕನ್ನು ಕಿಸೆಯಿಂದ ತೆಗೆದ. ಅದರ ಮೊನೆ ಬರೋಬ್ಬರಿ ಕೂತಿತು. ಗುಂಡಿಗಳ ಪಕ್ಕ ಇಂಗ್ಲಿಷಿನಲ್ಲಿ ಮೂರು ಮೂರು ಅಕ್ಷರ. ಯಾವುದು ತಾಳ ಹಾಕುವ ಗುಂಡಿ, ಯಾವುದು ತಾಳ ತೆಗೆದುಕೊಳ್ಳುವ ಗುಂಡಿ ಅಂತ ಅವನಿಗೆ ಅಂದಾಜಿತ್ತು, ಖಾತ್ರಿ ಇರಲಿಲ್ಲ. ಪುಸ್ತಕ ಕೇಳಲು ಹೋದರೆ ಕುಣಾಲ, “ನಿನಗ ಯಾಕ ಪುಸ್ತಕ? ಸಾಳಿ ಬಿಟ್ಟಂವಾ ಅದೀಯಲ್ಲ,” ಅಂದು ಅದನ್ನು ಡ್ರಾವರಿಗೆ ಹಾಕಿ ಕೀಲಿ ತಿರುವಿದ. ಮೂರು ಸಲ ಹೋದ, ಮೂರು ಸಲವೂ ಅದೇ ಉತ್ತರ. ಹನ್ನೊಂದೂವರೆ ಅಲ್ಲೇ ಆಯಿತು.

ಡಬ್ಬಿಯ ಬೆನ್ನಿನ ಮೇಲೆ ಸೂರತ್ತಿನ ವ್ಯಾಪಾರಿಯ ನಂಬರಿತ್ತು. ಧನರಾಜ ಫೋನು ಹಚ್ಚಿದ. ಹಚ್ಚಿದ, ಮತ್ತೆ ಹಚ್ಚಿದ. ಒಂದು ಗಂಟೆಗೆ ಅಲ್ಲಿಯ ಇಂಜಿನಿಯರು ಫೋನೆತ್ತಿದ. ಆದರೆ ಧನರಾಜನ ಒಂದು ಕೈಯಲ್ಲಿ ಹುಕ್ಕು, ಇನ್ನೊಂದರಲ್ಲಿ ಟಾರ್ಚು, ಫೋನು ಹಿಡಿಯಲು ಮೂರನೆಯ ಕೈ ಬೇಕಿತ್ತು. ಆ ಕೈ, ಕೆಲಸಗಾರರ ಮೇಲೆ ಕಣ್ಣಿಡುವ ಮುಕಾದಮ ಕೃಷ್ಣಾತನ ರೂಪದಲ್ಲಿ ಬಂತು.

ಕೃಷ್ಣಾತ ಎಂಥವನೆಂದರೆ, ಹತ್ತು ಮಾರು ದೂರದಲ್ಲಿ ಯಾರ ಫೋನು ಮೊಳಗಿದರೂ ಅದು ತನಗೇ ಬಂದದ್ದೆಂದು ತಿಳಿಯುವವನು. ಮನೆಮಾತು ಮರಾಠಿ, ಕೆಲಸಗಾರರ ಜೊತೆ ಕನ್ನಡ, ಫೋನಿನಲ್ಲಿ ಮಾತ್ರ ಹಿಂದಿ, ಯಾಕೆಂದರೆ ಫೋನಿನಲ್ಲಿ ಹಿಂದಿ ಮಾತಾಡಿದರೆ ತೂಕ ಬರುತ್ತದೆ ಅನ್ನುವುದು ಅವನ ನಂಬಿಕೆ.

“ಹಾ ಬೋಲೋ! ಮೈ ಮ್ಯಾನೇಜರ್ ಬೋಲತಾ!”

“ಕ್ಲಾಕ್ ಇಂಟರ್ನಲ್ ಪೇ ಹೈ ಕ್ಯಾ?” ಅಂದಿತು ಫೋನು.

“ಕಾಯ?” ಅಂದ ಕೃಷ್ಣಾತ, ಏನೆಂದು ತಿಳಿಯದೆ ಮರಾಠಿಗೆ ಇಳಿದು.

“ಅರೇ ಕ್ಲಾಕ್, ಭಾಯಿ! ಘಡೀ! ಘಡೀ!”

ಕೃಷ್ಣಾತನ ಮುಖ ಅರಳಿತು. ಇದು ಅವನ ಖಾತೆಯ ಮಾತು. “ಹಾ ಹಾ, ಘಡಿ! ಹೈ ನಾ! ಅಂದರ್ ಹೈ!”

“ವಹೀ ತೋ ಗಲತೀ ಹೈ! ಆಫೀಸ್ ಕೀ ಘಡೀ ಅಂದರ್ ರಹನೇ ದೋ. ಶೆಡ್ ಕೀ ಘಡೀ ಬಾಹರ್ ಕರೋ. ತುರಂತ್!” ಆಫೀಸಿನದು ಒಳಗೇ ಇರಲಿ, ಶೆಡ್ಡಿನದನ್ನು ತಕ್ಷಣ ಹೊರಗೆ ಮಾಡಿ ಅಂತ ಫೋನಿನ ಅಪ್ಪಣೆ.

“ತುರಂತ್!” ಅಂದ ಕೃಷ್ಣಾತ, ಮತ್ತು ಫೋನಿನ ಸಮೇತ ಓಡಿದ.

ಧನರಾಜನಿಗೆ ಮಗ್ಗಗಳ ಗದ್ದಲದಲ್ಲಿ ಕೇಳಿಸಿದ್ದು ‘ಶೆಡ್’, ‘ಬಾಹರ್’ ಎರಡೇ ಶಬ್ದ. ಅವನಿಗೆ ಅಷ್ಟು ಸಾಕಾಗಿತ್ತು. ಅವನ ಅಂದಾಜು ಸರಿಯಿತ್ತು: ಶೆಡ್ಡಿನ ಡಬ್ಬಿ ತನ್ನ ತಾಳ ಬಿಟ್ಟು ಹೊರಗಿನ ತಾಳ ತೆಗೆದುಕೊಳ್ಳಬೇಕು. ಹುಕ್ಕಿನ ಮೊನೆಯಿಂದ ನಾಲ್ಕನೆಯ ಗುಂಡಿ ಮೇಲೆತ್ತಿದ. ಡಬ್ಬಿಯ ಮೇಲಿನ ಕೆಂಪು ದೀಪ ಆರಿ ಹಳದಿ ಹತ್ತಿತು. ಆರು ದಿನದಲ್ಲಿ ಅದರ ಬಣ್ಣ ಬದಲಾದದ್ದು ಅದೇ ಮೊದಲು. ಆಫೀಸಿಗೆ ಓಡಬೇಕೆಂದು ಶೆಡ್ಡಿನ ಬಾಗಿಲಿಗೆ ಬಂದವನು ಅಲ್ಲೇ ನಿಂತ.

ಗಲ್ಲಿಯ ತುಂಬ ಬಟ್ಟೆ.

ನಾಲ್ಕು ಉದ್ದನೆ ಮೇಜು ರಸ್ತೆಯ ನಡುವೆ ಬಂದು ನಿಂತಿದ್ದವು. ಮೇಜಿನ ಮೇಲೆ ಬಟ್ಟೆಯ ಅಟ್ಟಿ, ಅಟ್ಟಿಯ ಪಕ್ಕ ಎಂಟು ಮಂದಿ ಹೆಂಗಸರು, ಹೆಂಗಸರ ನೆತ್ತಿಯ ಮೇಲೆ ಸುಡುಬಿಸಿಲು. ನೂಲು ತುಂಬಿದ ಟೆಂಪೋ ಒಂದು ದಾರಿಯಿಲ್ಲದೆ ಹಾರ್ನು ಹೊಡೆಯುತ್ತಿತ್ತು. ಯಾರದೋ ಆಡು ಯುನಿಫಾರ್ಮಿನ ನೀಲಿ ಬಟ್ಟೆಯ ಅಂಚನ್ನು ರುಚಿ ನೋಡುತ್ತಿತ್ತು. ಎದುರುಮನೆಯ ಕಟ್ಟೆಯ ಮೇಲೆ ಆಗಲೇ ಹತ್ತು ಜನ ಸೇರಿದ್ದರು. “ಬೆಂಕಿ ಹತ್ತೇತೇನ್ರಿ?” “ಇಲ್ಲ ಬಿಡ, ಮಾಲಕರ ಮನ್ಯಾಗ ಮದಿವಿ ಇರಬೇಕು, ಅರಿವಿ ಹಂಚಾಕತ್ತಾರ.” “ನನಗೊಂದ ಅಂಗಿ ಪೀಸ್ ಕೊಡ್ರೆವಾ!”

“ಏ ಧನ್ಯಾ!” ರಾಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. “ನಿನ್ನ ಸೂರತ್ತಿನ ಇಂಜಿನೇರ ಎಲ್ಲಿ ಅದಾನ? ಇಲ್ಲಿ ಬಂದ ಈ ಬಿಸಿಲಾಗ ಕುಂಡ್ರಲಿ ಅವನೌನ! ನಾವೇನ ಹಪ್ಪಳಾ ಏನೋ, ಒಣಗಸಾಕ?”

“ನಾ ಏನ ಮಾಡೀನವಾ? ಯಾರ ಹೇಳಿದ್ರ ನಿಮಗ ಹೊರಗ ಬರ್ರೀ ಅಂತ?”

“ಇಂಜಿನಿಯರ್ ಸಾಹೇಬರ ಆರ್ಡರ್,” ಅಂದ ಕೃಷ್ಣಾತ, ಕೊನೆಯ ಮೇಜಿನ ಕಾಲು ಸರಿಪಡಿಸುತ್ತ. “ಶೆಡ್ಡಿನ ಘಡಿ ಹೊರಗ, ತುರಂತ್. ನನ್ನ ಕಿವಿಲೆ ಕೇಳೀನಿ. ಘಡಿ ಒಳಗ ಇರೂದ ತಪ್ಪಂತ.”

ಧನರಾಜ ಹಣೆಗೆ ಕೈಹಚ್ಚಿಕೊಂಡ. ಇಚಲಕರಂಜಿಯಲ್ಲಿ ಹುಟ್ಟಿದ ಯಾವ ಕೂಸಿಗೂ ಘಡಿ ಅಂದರೆ ಗಡಿಯಾರವಲ್ಲ. ಘಡಿ ಅಂದರೆ ಬಟ್ಟೆಯ ಮಡಿಕೆ. ಘಡಿ ಹಾಕುವ ಹೆಂಗಸರು, ಘಡಿಯ ಮೇಜು, ಘಡಿ ಖಾತೆ. ಗಡಿಯಾರಕ್ಕೆ ಘಡಿ ಅನ್ನುವುದು ಹಿಂದಿಯವರ ಚಾಳಿ.

“ಮುಕಾದಮ್ರ, ಅದು ಅರಿವೀ ಘಡಿ ಅಲ್ಲರಿ! ಟೈಮಿನ ಘಡಿ! ಡಬ್ಬಿಯ ಒಳಗಿನ ಟೈಮು!”

“ಟೈಮಿಗೆ ಘಡ್ಯಾಳ ಅಂತಾರ.”

“ಹಿಂದಿಯಾಗ ಘಡಿ ಅಂತಾರ್ರಿ!”

“ಮನೆಯಾಗ ಮರಾಠಿ ಮಾತಾಡಾಂವ ನಾನು. ಘಡಿ ಅಂದ್ರ ಏನಂತ ನೀ ನನಗ ಕಲಸ್ತಿ? ಅದೂ ಒಂಬತ್ತನೇತ್ತಾ…”

“ನಾಪಾಸ ಅಲ್ಲ!” ಎಂದು ಧನರಾಜ ಕೂಗಿದ ರಭಸಕ್ಕೆ ಆಡು ಬಟ್ಟೆ ಬಿಟ್ಟು ಓಡಿತು. ಆ ದಿನ ಅವನ ಮಾತಿಗೆ ಬೆಲೆ ಕೊಟ್ಟ ಜೀವ ಅದೊಂದೇ.

ಊಟಕ್ಕೆಂದು ಮನೆಗೆ ಹೋಗಿದ್ದ ಮಾಲಕರ ಸ್ಕೂಟರು ಆಗಲೇ ಗಲ್ಲಿಯ ತಿರುವಿನಲ್ಲಿ ಬಂದು ನಿಂತಿತು. ಮುಂದಕ್ಕೆ ಬರಲು ಜಾಗವಿರಲಿಲ್ಲ. ಅವರು ಸ್ಕೂಟರಿನ ಮೇಲೆ ಕೂತೇ ತಮ್ಮ ಅರ್ಧ ಕಾರಖಾನೆ ರಸ್ತೆಗೆ ಬಂದಿರುವುದನ್ನು ನೋಡಿದರು. ಬಾಯಿ ತೆರೆದರು. ಗಲ್ಲಿಯಲ್ಲಿ ಮಗ್ಗಗಳ ಗದ್ದಲ ಸಾಲದಾದ್ದರಿಂದ ಇದೂ ಎಲ್ಲರಿಗೂ ಕೇಳಿಸಿತು.

“ಯಾವ ಹಲ್ಕಟ್‌ನ ಕೆಲಸಾ ಇದು?”

ಹತ್ತು ಕೈ ಧನರಾಜನತ್ತ ತಿರುಗಿದವು. ಎಲ್ಲಕ್ಕಿಂತ ಉದ್ದನೆಯ ಕೈ ಕೃಷ್ಣಾತನದು. “ಇವನ ಇಂಜಿನಿಯರ್ ಹೇಳಿದ್ರಿ ಮಾಲಕ್ರ.”

“ಮಾಲಕ್ರ, ಕೇಳ್ರಿ ಇಲ್ಲೆ…”

“ನೀ ಬಾಯಿ ತಗದೀ ಅಂದ್ರ ನಾಲಿಗಿಗಿ ಗಂಟ ಹಾಕ್ತೀನಿ! ಡಬ್ಬಿ ರಿಪೇರಿ ಮಾಡಂದ್ರ ನನ್ನ ಶೆಡ್ಡ ತಗದ ಬೀದಿಗಿ ಒಗದೀಯಲ್ಲೋ! ಒಳಗ ತರ್ರಿ ಎಲ್ಲಾ!”

“ತರೂದಿಲ್ರಿ,” ಅಂದಳು ರಾಯವ್ವ. ಮಾಲಕರೂ ಬೆಚ್ಚಿದರು. “ಹೊರಗ ತರೂದ್ರಾಗ ಸೊಂಟ ಮುರದಾವು. ಊಟಾ ಇಲ್ಲ, ನೀರ ಇಲ್ಲ. ಇದ್ದಲ್ಲೇ ಕುಂತ ಘಡಿ ಹಾಕ್ತೇವಿ, ಸಂಜೀಕ ಹಮಾಲರನ್ನ ಕಳಿಸಿ ಒಳಗ ಹಾಕಿಸ್ಕೋರಿ.” ಎಂಟು ಮಂದಿಯೂ ರೊಟ್ಟಿಯ ಗಂಟು ಬಿಚ್ಚಿ ರಸ್ತೆಯಲ್ಲೇ ಕೂತರು. ಟೆಂಪೋ ಹಿಂದಕ್ಕೆ ಹೋಯಿತು. ಮಾಲಕರು ನಡೆದುಕೊಂಡು ಬಂದು ಧನರಾಜನ ಕಡೆ ನೋಡದೆ, “ನಾಕಕ್ಕ ಇನ್ನ ಎರಡ ತಾಸ ಐತಿ ನಿನ್ನ ಆಯುಷ್ಯ,” ಅಂದು ಒಳಗೆ ಹೋದರು.

ಎರಡು ಗಂಟೆ. ಕೃಷ್ಣಾತನ ಕೈಯಿಂದ ಫೋನು ಕಿತ್ತುಕೊಂಡು ಧನರಾಜ ಆಫೀಸಿಗೆ ಓಡಿದ. ಟೀವಿಯ ಮೇಲಿನ ಇರುವೆಗಳು ಮಾಯವಾಗಿದ್ದವು, ನಿಜ. ಆದರೆ ಅವುಗಳ ಜಾಗಕ್ಕೆ ಬೇರೇನೂ ಬಂದಿರಲಿಲ್ಲ. ಬರೀ ಕಪ್ಪು. ಡಬ್ಬಿಯ ಮುಚ್ಚಳ ಬಿಚ್ಚಿ ನೋಡುತ್ತಾನೆ, ನಾಲ್ಕನೆಯ ಗುಂಡಿ ಇಲ್ಲೂ ಮೇಲಕ್ಕೆದ್ದಿದೆ!

“ಇದನ್ಯಾರ ಮುಟ್ಟಿದ್ರು?”

“ನಾ ಮುಟ್ಟೀನಿ,” ಅಂದ ಕುಣಾಲ, ಮೊಬೈಲಿನಿಂದ ಕಣ್ಣೆತ್ತದೆ. “ಕೃಷ್ಣಾತನ ಕೈಯಾಗಿನ ಫೋನ್ ಸ್ಪೀಕರಿನ ಮ್ಯಾಲೆ ಇತ್ತು, ಗಲ್ಲಿ ತುಂಬ ಕೇಳಸ್ತಿತ್ತು. ಬಾಹರ್ ಅಂದ ಇಂಜಿನಿಯರ್. ಅದಕ್ಕ ಇದನ್ನೂ ಬಾಹರ್ ಮಾಡೀನಿ. ಎರಡೂ ಕಡೆ ಸೇಮ್ ಇರಬೇಕು.”

ಧನರಾಜ ಎಂಟರ ತನಕ ಎಣಿಸಿದ. ಹತ್ತರ ತನಕ ಎಣಿಸುವ ತಾಳ್ಮೆ ಇರಲಿಲ್ಲ. “ಕುಣಾಲ ಸಾಹೇಬ್ರ, ಬೆಳಿಗ್ಗಿ ತನಕ ಎರಡೂ ಡಬ್ಬಿ ತಮ್ಮ ತಮ್ಮ ತಾಳಾ ಹಾಕ್ತಿದ್ದೂವು. ಈಗ ಎರಡೂ ಆ ಕಡಿಯಿಂದ ತಾಳಾ ಬರಲಿ ಅಂತ ಬಾಯಿ ತಗದ ಕುಂತಾವು. ಹಳ್ಳದ ಸಣ್ಣ ಪುಲಿನ ಮ್ಯಾಲೆ ಎರಡ ಎಸ್ಟಿ ಬಸ್ ಎದರಾಬದರಾ ನಿಂತ, ನೀ ಮೊದಲ ಬಾ, ಇಲ್ಲ ನೀ ಮೊದಲ ಬಾ ಅಂದ್ರ ಪ್ಯಾಸೆಂಜರ್ ಊರ ಮುಟ್ಟತಾರೇನ್ರಿ?”

“ನಾ ಡಿಪ್ಲೊಮಾ ಮಾಡೀನಿ,” ಅಂದ ಕುಣಾಲ. ಅವನ ಬಳಿ ಅದಕ್ಕಿದ್ದ ಉತ್ತರ ಅದೊಂದೇ.

ಧನರಾಜ ಆಫೀಸಿನ ಗುಂಡಿ ಕೆಳಗೆ ಮಾಡಿ ಶೆಡ್ಡಿಗೆ ಓಡಿದ. ಶೆಡ್ಡಿನ ಹಳದಿ ದೀಪ ಈಗ ಮಿಣುಕುತ್ತಿತ್ತು, ಅಂದರೆ ತಾಳ ಬರುತ್ತಿತ್ತು. ಆಫೀಸಿಗೆ ಓಡಿದ. ಟೀವಿ ಕಪ್ಪು. ಶೆಡ್ಡಿಗೆ ಓಡಿದ. ದೀಪ ಮಿಣುಕು. ಹೀಗೆ ಏಳು ಸಲ. ಒಂದೊಂದು ಓಟಕ್ಕೂ ಗಲ್ಲಿಯ ಮೇಜುಗಳ ನಡುವೆ ನುಸುಳಬೇಕು, ಒಂದೊಂದು ಸಲವೂ ರಾಯವ್ವ, “ಬಂತೇನೋ ನಿನ್ನ ಘಡಿ?” ಅನ್ನುವಳು, ಕಟ್ಟೆಯ ಮೇಲಿನವರು, “ಭರ್ತಿ ಓಟಾ! ಪೊಲೀಸ್ ಭರ್ತಿಗಿ ತಯಾರಿ!” ಅಂತ ಚಪ್ಪಾಳೆ ಹೊಡೆಯುವರು.

ಮೂರೂವರೆಗೆ ಅವನು ಡಬ್ಬಿಯ ಮುಂದೆ ನೆಲದ ಮೇಲೆ ಕೂತುಬಿಟ್ಟ. ತಾಳ ಬರುತ್ತಿದೆ. ಆದರೂ ಮಾತು ಹೋಗುತ್ತಿಲ್ಲ. ಯಾಕೆ? ಆಗ ಆರನೆಯ ಗುಂಡಿಯೂ ಅದರ ಕೆಳಗೆ ಖಾಲಿ ಬಿದ್ದಿದ್ದ ವೈರಿನ ಕಿಂಡಿಯೂ ಕಣ್ಣಿಗೆ ಬಿದ್ದವು.

ಇದು ಕೇಳಿ ಕಳಿಸುವ ಗುಂಡಿ. ಶೆಡ್ಡಿನ ಡಬ್ಬಿ ಮೊದಲು ‘ಕಳಸ್ಲ್ಯಾ?’ ಅಂತ ಕೇಳುತ್ತದೆ. ಆಫೀಸಿನ ಡಬ್ಬಿ ‘ಹೂಂ, ಕಳಸು’ ಅನ್ನುವ ತನಕ ಬಾಯಿ ಬಿಡುವುದಿಲ್ಲ. ಆದರೆ ಆ ‘ಹೂಂ’ ಹೊತ್ತು ತರುವ ಎಳೆಯನ್ನು ಕುಣಾಲ ಜೋಡಿಸಿಯೇ ಇರಲಿಲ್ಲ. ಟೀವಿಯ ಮೇಲಿನ ಇರುವೆಗಳು ಮಾತಲ್ಲ, ತಾಳ ತಪ್ಪಿದ ಗೊಣಗಾಟವಷ್ಟೇ ಆಗಿದ್ದವು. ಅತ್ತೆಮನೆಗೆ ಬಂದ ಹೊಸ ಅಳಿಯ, ‘ಊಟಕ್ಕ ಏಳ್ರಿ’ ಅನ್ನುವವರು ಬರಲಿ ಅಂತ ಹಸಿದ ಹೊಟ್ಟೆಯಲ್ಲಿ ಜಗಲಿಯ ಮೇಲೆ ಕೂತ ಹಾಗೆ, ಪಾಪದ ಡಬ್ಬಿ ಆರು ದಿನದಿಂದ ಅಪ್ಪಣೆ ಕಾಯುತ್ತ ಕೂತಿತ್ತು. ಧನರಾಜನಿಗೆ ಅದರ ಮೇಲೆ ಕರುಣೆ ಬಂತು. “ಯಾರನ್ನೂ ಕೇಳಬ್ಯಾಡಲೇ ಮಗನ,” ಅಂದ, “ಹೇಳೂದ ಇದ್ರ ಹೇಳಿಬಿಡು.” ಗುಂಡಿಯನ್ನು ‘ಕೇಳದೆ ಕಳಿಸು’ ಎಂಬ ಕಡೆ ಒತ್ತಿದ.

ಹಸಿರು ದೀಪ ಹತ್ತಿತು.

ಎಂಟನೆಯ ಸಲ ಆಫೀಸಿಗೆ ಓಡಿ ಬಂದಾಗ ಟೀವಿಯ ತುಂಬ ಚೌಕಗಳು ಮೂಡುತ್ತಿದ್ದವು. ಮಗ್ಗಗಳು ಬೆಳಗಿನಿಂದ ತಮ್ಮೊಳಗೆ ಹಿಡಿದಿಟ್ಟುಕೊಂಡಿದ್ದ ಲೆಕ್ಕವೆಲ್ಲ ಸಾಲುಸಾಲಾಗಿ ಬಂದು ಕೂತುಕೊಳ್ಳುತ್ತಿತ್ತು, ಸೆಕೆಂಡು ಸೆಕೆಂಡಿಗೂ ಅಂಕಿಗಳು ತಿರುಗುತ್ತಿದ್ದವು. ಧನರಾಜ ಏನನ್ನೂ ಓದಲಿಲ್ಲ. ಆ ತಿರುಗುವಿಕೆಯನ್ನೇ ನೋಡುತ್ತ ಬಾಗಿಲಿಗೆ ಒರಗಿ ನಿಂತ. ಐದು ವರ್ಷದಲ್ಲಿ ಮೊದಲ ಸಲ ತಾನು ಸ್ಟೂಲಿನ ಮೇಲೆ ಕೂತಂತೆ ಅವನಿಗೆ ಅನಿಸಿತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ನಾಲ್ಕಕ್ಕೆ ಬಾಪೂಸಾಹೇಬರ ಜೀಪು ಬಂತು. ಗಲ್ಲಿಯ ತಿರುವಿನಲ್ಲೇ ನಿಲ್ಲಬೇಕಾಯಿತು. ಬಿಳೀ ಮೀಸೆಯ ಎತ್ತರದ ಆಳು ಇಳಿದು, ರಸ್ತೆಯ ನಡುವಿನ ಮೇಜುಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಬಾಪೂಸಾಹೇಬರು ಒಂದು ಬಟ್ಟೆಯ ತುದಿ ಎತ್ತಿ ಬಿಸಿಲಿಗೆ ಹಿಡಿದರು. ತಿರುವಿ ನೋಡಿದರು.

“ಸುಕುಮಾರ,” ಅಂದರು, “ಮೂವತ್ತ ವರ್ಷಾತು ಅರಿವಿ ಖರೀದಿ ಮಾಡಾಕತ್ತ. ಎಲ್ಲಾ ಮಾಲಕ್ರೂ ನನಗ ಟ್ಯೂಬಲೈಟಿನ ಬುಡಕ ಅರಿವಿ ತೋರಸ್ತಾರ, ತೂತ ಕಾಣಬಾರದಂತ. ನಡು ಬೀದ್ಯಾಗ, ಸೂರ್ಯನ ಮುಂದ ಇಟ್ಟ ಘಡಿ ಹಾಕಸಾಂವ ನೀನ ಒಬ್ಬ ನೋಡ.”

“ನಮ್ಮ ಪದ್ಧತಿನ ಹಿಂಗರಿ,” ಅಂದರು ಮಾಲಕರು.

“ಐಡಿಯಾ ನಂದರಿ,” ಅಂದ ಕೃಷ್ಣಾತ.

ಧನರಾಜನ ಮೈಯೆಲ್ಲ ಉರಿಯಿತು. ಇದೇ ಮೇಜಿಗೆ ಎರಡು ತಾಸಿನ ಹಿಂದೆ ಅವನ ನಾಲಿಗೆಗೆ ಗಂಟು ಬೀಳುವುದಿತ್ತು. ತಪ್ಪಾಗಿದ್ದಾಗ ಅದು ಧನರಾಜನ ಇಂಜಿನಿಯರ್, ಒಪ್ಪಾದಾಗ ಕೃಷ್ಣಾತನ ಐಡಿಯಾ! ಆದರೂ ತಡೆದುಕೊಂಡ. ಟೀವಿ ಇದೆಯಲ್ಲ. ಅದು ಯಾರದೆಂದು ಇಡೀ ಶೆಡ್ಡಿಗೆ ಗೊತ್ತು.

ಆಫೀಸಿನಲ್ಲಿ ಬಾಪೂಸಾಹೇಬರನ್ನು ಮಾಲಕರ ಕುರ್ಚಿಯ ಮೇಲೆಯೇ ಕೂರಿಸಿದರು. ಧನರಾಜ ಕೈಯಲ್ಲಿ ಹುಕ್ಕು ಹಿಡಿದು ಬಾಗಿಲ ಬಳಿ ನಿಂತ. ಕುಣಾಲ ಟೀವಿಯ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ.

“ಇದು ಲೈವ್ ರೀ. ಕ್ಲಾಕ್ ಸೆಟ್ಟಿಂಗ್, ಸಿಗ್ನಲ್ ಸೆಟ್ಟಿಂಗ್, ಎಲ್ಲಾ ನಾ ಮಾಡೀನಿ.”

ಮಾಲಕರು ಧನರಾಜನ ಕಡೆ ಒಂದು ಸಲ ನೋಡಿದರು. ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತು ಯಾವ ತಿಥಿ ಅಂತ ಹುಡುಕತೊಡಗಿದರು.

“ಖರೇ ಹೇಳತೈತೇನ ಇದು?” ಅಂದರು ಬಾಪೂಸಾಹೇಬರು. “ಕೊಲ್ಹಾಪುರದಾಗ ಒಬ್ಬಾಂವ ಹಿಂಗ ಟೀವಿ ತೋರಿಸಿದ. ನೋಡಿದ್ರ ಹೋದ ವಾರದ ಅಂಕಿ! ಇದ ಈಗಿಂದ ಅಂತ ಹೆಂಗ ನಂಬೂದು?”

“ಅದೂ… ಎರಡೂ ಕಡೆ ಸೇಮ್…” ಎಂದು ಕುಣಾಲ ತೊದಲಿದ.

ಧನರಾಜನಿಗೆ ಇನ್ನು ತಡೆಯಲಾಗಲಿಲ್ಲ. “ಒಂದ ಸೆಕೆಂಡ್ ಹಿಂದ ಮುಂದ ಆಗೂದ ಶಕ್ಯ ಇಲ್ರಿ ಸಾಹೇಬ್ರ! ಇಲ್ಲಿ ತಾಳಾ ಹಾಕಿದ್ರ ಅಲ್ಲಿ ಹೆಜ್ಜಿ. ಮಾಗ ಏನ ಹೇಳತೈತಿ, ಇಲ್ಲಿ ಅದ ಬರತೈತಿ. ಮನಶ್ಯಾರ ಸುಳ್ಳ ಹೇಳತಾರ್ರಿ, ಈ ಡಬ್ಬಿ ಸುಳ್ಳ ಹೇಳೂದಿಲ್ಲ. ನನ್ನ ಕುತಿಗಿ ಜಾಮೀನ!”

“ಹಿಂಗ ಮಾತಾಡಬೇಕು!” ಬಾಪೂಸಾಹೇಬರು ಮೇಜು ಕುಟ್ಟಿದರು. ಕಿಸೆಯಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಟೀವಿಯ ಹತ್ತಿರ ಬಾಗಿದರು. “ಹಸರ ಅಂದ್ರ ನಡದದ್ದು? ಛಲೋ. ಹಸರ, ಹಸರ, ಹಸರ… ಇವೇನ ಇವು? ನಾಕ ಕೆಂಪ?”

ಧನರಾಜನೂ ಆಗಲೇ ಅದನ್ನು ಓದಿದ್ದು.

‘ಮಗ್ಗ ೧೩, ೧೪, ೧೫, ೧೬. ಬಂದ್: ೬ ತಾಸು ೪೦ ನಿಮಿಷ. ನಡೆಸುವವರು: ಧನರಾಜ.’

“ಆರ ತಾಸ ನಲವತ್ತ ಮಿನಿಟ್!” ಬಾಪೂಸಾಹೇಬರ ಮೀಸೆ ನಡುಗಿತು. “ಅಂದ್ರ ಮುಂಜಾನಿಂದ ಒಂದ ಎಳಿ ನೇದಿಲ್ಲ! ಎಲ್ಲಾರೂ ಬೆವರ ಸುರಸಾಕತ್ತಾರ, ಈ ಧನರಾಜ ಅನ್ನೂ ನವಾಬ ಯಾವ ಮಂಚದ ಮ್ಯಾಲೆ ಮಲಕೊಂಡಾನ? ಸುಕುಮಾರ, ಇಂಥಾ ಒಬ್ಬ ಇದ್ದಾ ಅಂದ್ರ ಹತ್ತ ಮಂದೀನ ಕೆಡಸ್ತಾನ. ಸಾಳಿ ಚಾಲೂ ಆಗೂದ್ರಾಗ ನನ್ನ ಅರಿವಿ ಬರೂದಿಲ್ಲ. ಮೊದಲ ಇಂವನ್ನ ತಗಿ. ಆಮ್ಯಾಲೆ ಸಹಿ.”

ಕುಣಾಲನಿಗೆ ಒಮ್ಮೆಲೇ ಟೀವಿಯ ಹಿಂದಿನ ವೈರಿನಲ್ಲಿ ಏನೋ ಕೆಲಸ ನೆನಪಾಯಿತು. ಕೃಷ್ಣಾತ, “ನಾ ಭಾಳ ದಿನಾತ್ರಿ ಹೇಳಾಕತ್ತ,” ಅಂದು ನಿಟ್ಟುಸಿರು ಬಿಟ್ಟ. ಮಾಲಕರು ಕ್ಯಾಲೆಂಡರಿನ ಮುಂದಿನ ತಿಂಗಳನ್ನೂ ತಿರುವಿ ನೋಡಿದರು. ಒಂದು ಮಾತು. ಅವನು ನನ್ನ ಮಾತಿನ ಮೇಲೆ ಮಗ್ಗ ಬಿಟ್ಟು ಈ ಡಬ್ಬಿಯ ಹಿಂದೆ ಓಡಾಡಿದ ಎಂಬ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆದರೆ ಆ ಮಾತು ಆಡಿದರೆ ಸೋದರಳಿಯ ಕುಣಾಲ ಸುಳ್ಳನಾಗುತ್ತಾನೆ, ಬೀದಿಯ ಘಡಿಯ ಕತೆ ಹೊರಬೀಳುತ್ತದೆ, ಸಹಿ ಹಾಕುವ ಪೆನ್ನು ಕಿಸೆಗೆ ಮರಳುತ್ತದೆ.

“ತಗದೇನಿ ಅಂತ ತಿಳೀರಿ ಸಾಹೇಬ್ರ,” ಅಂದರು ಮಾಲಕರು. “ನಾಳಿಂದ ಆ ಧನರಾಜನ ಮಾರಿ ಈ ಗೇಟಿನಾಗ ಕಾಣೂದಿಲ್ಲ.”

ಪೆನ್ನು ಹೊರಬಂತು. ಸಹಿ ಬಿತ್ತು. ಬಾಪೂಸಾಹೇಬರು ಎದ್ದು, ಹೊರಡುವವರು, ಬಾಗಿಲ ಬಳಿ ನಿಂತು ಧನರಾಜನನ್ನು ಮೇಲಿನಿಂದ ಕೆಳಗೆ ನೋಡಿದರು. ಬೆವರಿಗೆ ಮೈಗಂಟಿದ ಅಂಗಿ, ಕೈಯ ಹುಕ್ಕು, ಕೆಂಪಗಾದ ಕಣ್ಣು. ಅವನ ಹೆಗಲ ಮೇಲೆ ಕೈಯಿಟ್ಟರು.

“ತಮ್ಮಾ, ನೀ ಯಾರ್ಲೇ? ಡಬ್ಬಿ ಮಾಡಿದಾಂವ ಆ ಇಸ್ತ್ರಿ ಅಂಗಿಯಾಂವ ಆದ್ರೂ ಡಬ್ಬಿ ಬಲ್ಲಾಂವ ನೀನು, ನನಗ ಗೊತ್ತಾಗೂದಿಲ್ಲೇನ? ಮಾತಿನಾಗ ಖಾರ ಐತಿ, ಸುಳ್ಳ ಇಲ್ಲ. ಗಡಹಿಂಗ್ಲಜದಾಗ ನನ್ನ ಹೊಸಾ ಶೆಡ್ಡಿಗೂ ಇಂಥಾವ ಡಬ್ಬಿ ಹಚ್ಚಾಂವ ಅದೀನಿ. ಫಿಟರಂತ ಬಾ. ನಾಳಿಂದನ ಬಾ.” ಕಿಸೆಯಿಂದ ಡೈರಿ ತೆಗೆದು, ಪೆನ್ನಿನ ಟೊಪ್ಪಿಗೆ ಬಿಚ್ಚಿ, ಬರೆಯಲು ಸಿದ್ಧರಾಗಿ ತಲೆ ಎತ್ತಿದರು. “ಹೆಸರೇನು ನಿಂದು?”

ಮಾಲಕರು ಉಸಿರು ಹಿಡಿದರು. ಕೃಷ್ಣಾತ ಉಸಿರು ಹಿಡಿದ. ಟೀವಿಯ ಹಿಂದಿನಿಂದ ಕುಣಾಲನ ತಲೆ ಮೆಲ್ಲಗೆ ಮೇಲೆದ್ದಿತು.

ಧನರಾಜ ಬಾಪೂಸಾಹೇಬರ ಹೆಗಲಾಚೆ ನೋಡಿದ. ಕೆಂಪು ಚೌಕದಲ್ಲಿ ಅವನ ಹೆಸರು ಬಿಟ್ಟುಬಿಟ್ಟು ಮಿನುಗುತ್ತಿತ್ತು. ಆ ಹೆಸರು ಹೇಳಿದರೆ ಮಂಚದ ಮೇಲಿನ ನವಾಬ ತಾನೇ, ಬೇರೆ ಹೆಸರು ಹೇಳಿದರೆ ಕೊಟ್ಟ ಜಾಮೀನು ಸುಳ್ಳು. ಅವನು ನೋಡುತ್ತಿದ್ದ ಹಾಗೆಯೇ ಪಕ್ಕದ ಸೆಕೆಂಡಿನ ಅಂಕಿ ಐವತ್ತೆಂಟು, ಐವತ್ತೊಂಬತ್ತು ಆಗಿ, ಒಂದು ಸೆಕೆಂಡೂ ಹಿಂದೆಮುಂದೆ ಆಗದೆ, ನಲವತ್ತಿದ್ದ ನಿಮಿಷ ನಲವತ್ತೊಂದಾಯಿತು.

“ಹೆಸರ ಕೇಳಿದ್ನೆಪಾ ತಮ್ಮಾ,” ಅಂದರು ಬಾಪೂಸಾಹೇಬರು.

ಧನರಾಜ ಹುಕ್ಕನ್ನು ಮೇಜಿನ ಮೇಲಿಟ್ಟ. ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. ಹೊಸ್ತಿಲು ದಾಟಿ, ಗಲ್ಲಿಯ ಮೇಜುಗಳ ನಡುವೆ ಹಾದು ನಡೆದುಹೋದ.